ಮೂಗಿನ ನರ, ಮೂತ್ರದ ಸಿಹಿ: ಎರಡನ್ನೂ ಕಂಡಿದ್ದ ಥಾಮಸ್ ವಿಲ್ಲಿಸ್

ಹೋದ ತಿಂಗಳು ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದ್ದರು. ಸಕ್ಕರೆ ಜಾಸ್ತಿ ತಿನ್ನುವವರಿಗೆ ವಾಸನೆ ಗೊತ್ತಾಗುವುದಿಲ್ಲ, ಬೆಳಿಗ್ಗೆ ಎದ್ದು ಕಾಫಿಪುಡಿ ಡಬ್ಬಿ ಮೂಸಿ ನೋಡಿ, ಘಮ ಬರದಿದ್ದರೆ ಶುಗರ್ ಬಂದಿದೆ ಎಂದೇ ಅರ್ಥ ಎಂಬುದು ಅದರ ಸಾರಾಂಶ. ಕೊನೆಯಲ್ಲಿ ಎಲ್ಲರಿಗೂ ಶೇರ್ ಮಾಡಿ ಎಂಬ ಅಪ್ಪಣೆ. ಗ್ರೂಪಿನಲ್ಲಿ ನಾಲ್ಕೈದು ಜನ ಡಬ್ಬಿ ಮೂಸಿ ಬಂದು ವರದಿ ಒಪ್ಪಿಸಿದ್ದೂ ಆಯಿತು. ಎರಡು ದಿನದಿಂದ ನೆಗಡಿಯಾಗಿದ್ದ ಮಾವನಿಗೆ ಮಾತ್ರ ಗಾಬರಿ.

ಈ ಸಂದೇಶವನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ, ನಿಜವೆಂದು ಒಪ್ಪುವಂತೆಯೂ ಇಲ್ಲ. ಸಕ್ಕರೆಗೂ ಮೂಗಿಗೂ ಏನು ನಂಟು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕವನು 17ನೇ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ಮೆದುಳಿನ ಬುಡದಲ್ಲಿ ರಕ್ತನಾಳಗಳು ಬಳೆಯ ಹಾಗೆ ಕೂಡಿಕೊಂಡಿರುವ ಜಾಗಕ್ಕೆ ವಿಲ್ಲಿಸ್ ವೃತ್ತ ಎಂದು ಹೆಸರು. ವೈದ್ಯಕೀಯ ಓದಿದವರಿಗೆಲ್ಲ ಆತ ಗೊತ್ತಿರುವುದು ಹೀಗೆ. ಆದರೆ ಇದೇ ಮನುಷ್ಯ ವಾಸನೆಯ ನರಕ್ಕೆ ಒಂದನೇ ನಂಬರ್ ಕೊಟ್ಟ, ಮಧುಮೇಹಿಗಳ ಮೂತ್ರ ಸಿಹಿಯಾಗಿರುತ್ತದೆ ಎಂದು ಯುರೋಪಿಗೆ ತಿಳಿಸಿದ, ಸಕ್ಕರೆಯ ಮೇಲೆ ದೂರನ್ನೂ ಹೊರಿಸಿದ. ಮೂರೂ ಎಳೆಗಳು ಆತನ ಕೈಯಲ್ಲೇ ಇದ್ದವು. ಅವನ್ನು ಸೇರಿಸಿ ಗಂಟು ಹಾಕಲು ಮಾತ್ರ ಆಗಲಿಲ್ಲ.

ವಿಲ್ಲಿಸ್ ಹುಟ್ಟಿದ್ದು 1621ರ ಜನವರಿ 27ರಂದು, ವಿಲ್ಟ್‌ಶೈರ್ ಪ್ರಾಂತ್ಯದ ಗ್ರೇಟ್ ಬೆಡ್ವಿನ್ ಎಂಬ ಹಳ್ಳಿಯಲ್ಲಿ. ಮನೆಯವರು ಆಮೇಲೆ ಆಕ್ಸ್‌ಫರ್ಡ್ ಹತ್ತಿರದ ನಾರ್ತ್ ಹಿಂಕ್ಸಿಗೆ ಬಂದು ನೆಲೆಸಿದರು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಹೋದಳು. 1637ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದಾಗ ಆತನ ಸ್ಥಾನ ನಮ್ಮಲ್ಲಿ ವಾರಾನ್ನ ಮಾಡಿಕೊಂಡು ಓದುತ್ತಿದ್ದವರಿಗಿಂತ ತೀರಾ ಬೇರೆಯೇನಲ್ಲ. ಅಲ್ಲಿನ ಹಿರಿಯ ಪಾದ್ರಿಯೊಬ್ಬರ ಮನೆಯಲ್ಲಿ ಊಳಿಗ ಮಾಡಬೇಕು, ಬಿಡುವಿನಲ್ಲಿ ಓದಬೇಕು. ಆ ಮನೆಯಾಕೆ ನಾಟಿ ಔಷಧಿ ಚೆನ್ನಾಗಿ ಬಲ್ಲವಳು, ಊರಿನವರಿಗೆ ಮದ್ದು ಮಾಡಿಕೊಡುತ್ತಿದ್ದಳು. ಕುಟ್ಟುವುದು, ಕಾಯಿಸುವುದು, ಸೋಸುವುದಕ್ಕೆಲ್ಲ ಈ ಹುಡುಗನೇ ಕೈಯಾಳು. ಆತನ ಮೊದಲ ವೈದ್ಯಕೀಯ ಪಾಠ ಕಾಲೇಜಿನಲ್ಲಲ್ಲ, ಆ ಅಡುಗೆಮನೆಯಲ್ಲಿ ಆಯಿತು ಎನ್ನಬಹುದು.

ಆತನಿಗೆ ಪಾದ್ರಿಯಾಗುವ ಆಸೆ ಇತ್ತು. ಆದರೆ 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ಆಕ್ಸ್‌ಫರ್ಡ್ ರಾಜನ ಪಾಳೆಯವಾಯಿತು. ಸೈನಿಕರ ಜೊತೆ ಜ್ವರವೂ ಬಂತು, 1643ರಲ್ಲಿ ಅಪ್ಪ ಅದಕ್ಕೇ ಬಲಿಯಾದ. ವಿಲ್ಲಿಸ್ ರಾಜನ ಪರ ಸೇನೆ ಸೇರಿದ. ರಾಜ ಸೋತ ಮೇಲೆ ಪಾದ್ರಿಯಾಗುವ ದಾರಿ ಮುಚ್ಚಿತು. 1646ರಲ್ಲಿ ವೈದ್ಯಕೀಯ ಪದವಿ ಪಡೆದ. ಮಾಮೂಲಿಯಾಗಿ ಹಲವು ವರ್ಷ ಹಿಡಿಯುತ್ತಿದ್ದ ಓದನ್ನು ಯುದ್ಧದ ಗದ್ದಲದಲ್ಲಿ ಬೇಗ ಮುಗಿಸಿದವರಲ್ಲಿ ಆತನೂ ಒಬ್ಬ. ಹಳೆಯ ಪುಸ್ತಕಗಳನ್ನು ಬಾಯಿಪಾಠ ಮಾಡಲು ಪುರುಸೊತ್ತು ಸಿಗದೆ ಹೋದದ್ದೇ ಆತನಿಗೆ ಒಳ್ಳೆಯದಾಯಿತೇನೋ ಎಂದು ನನಗೆ ಅನ್ನಿಸುವುದುಂಟು.

ಶುರುವಿನಲ್ಲಿ ಕೈಯಲ್ಲಿ ಕಾಸಿಲ್ಲ, ರೋಗಿಗಳೂ ಇಲ್ಲ. ಸಂತೆ ನಡೆಯುವ ದಿನ ಸುತ್ತಲಿನ ಊರುಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ. ಜನ ಸೀಸೆಯಲ್ಲಿ ಮೂತ್ರ ತರುತ್ತಿದ್ದರು. ವೈದ್ಯ ಅದನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದ, ಮೂಸುತ್ತಿದ್ದ, ಬೇಕಾದರೆ ನಾಲಿಗೆಗೂ ಹಚ್ಚಿಕೊಳ್ಳುತ್ತಿದ್ದ. ನಮಗೆ ಹೇಸಿಗೆ ಎನಿಸಬಹುದು, ಆಗ ಲ್ಯಾಬ್ ಎಂದರೆ ವೈದ್ಯನ ಕಣ್ಣು, ಮೂಗು, ನಾಲಿಗೆಯೇ. ಬರೀ ಮೂತ್ರ ನೋಡಿ ಭವಿಷ್ಯ ಹೇಳುವ ಠಕ್ಕರೂ ಬೇಕಾದಷ್ಟಿದ್ದರು, ಅವರನ್ನು ಆಡಿಕೊಂಡು ನಗುವವರೂ ಇದ್ದರು. ಈ ಸಂತೆ ವೈದ್ಯನೂ ಆ ನಗೆಯಿಂದ ತಪ್ಪಿಸಿಕೊಂಡಿರಲಿಕ್ಕಿಲ್ಲ.

ವಿಲ್ಲಿಸ್‌ನ ಹೆಸರು ಊರಲ್ಲೆಲ್ಲ ಹರಡಿದ್ದು 1650ರ ಡಿಸೆಂಬರಿನ ಒಂದು ವಿಚಿತ್ರ ಪ್ರಸಂಗದಿಂದ. ಆನ್ ಗ್ರೀನ್ ಎಂಬ ಮನೆಗೆಲಸದ ಹೆಣ್ಣುಮಗಳು ತನ್ನ ಕೂಸನ್ನು ಕೊಂದಳೆಂದು ಆಕ್ಸ್‌ಫರ್ಡಿನಲ್ಲಿ ನೇಣಿಗೇರಿಸಿದರು. ಸುಮಾರು ಅರ್ಧ ಗಂಟೆ ನೇತಾಡಿದ ದೇಹವನ್ನು ಇಳಿಸಿ, ಕೊಯ್ದು ನೋಡಲೆಂದು ವೈದ್ಯರಿಗೆ ಕೊಟ್ಟರು. ವಿಲಿಯಂ ಪೆಟ್ಟಿ ಮತ್ತು ವಿಲ್ಲಿಸ್ ಬಂದು ಪೆಟ್ಟಿಗೆ ತೆರೆದರೆ ಉಸಿರಿನ ಸದ್ದು! ಕೊಯ್ಯುವ ಕೆಲಸ ಬಿಟ್ಟು ಉಳಿಸುವ ಕೆಲಸಕ್ಕೆ ಇಳಿದರು. ಬಿಸಿ ಪಾನೀಯ ಗುಟುಕು ಗುಟುಕಾಗಿ ಕುಡಿಸಿದರು, ಮೈ ಕೈ ಉಜ್ಜಿದರು, ಬೆಚ್ಚಗಿರಲೆಂದು ಇನ್ನೊಬ್ಬ ಹೆಂಗಸನ್ನು ಪಕ್ಕದಲ್ಲಿ ಮಲಗಿಸಿದರು. ಆಕೆ ಬದುಕಿದಳು. ಕೂಸು ದಿನ ತುಂಬುವ ಮೊದಲೇ ಸತ್ತು ಹುಟ್ಟಿತ್ತು ಎಂಬ ವಾದಕ್ಕೆ ಬಲ ಬಂದು ಶಿಕ್ಷೆಯೂ ಮಾಫಿಯಾಯಿತು. ಮುಂದೆ ಆಕೆ ಮದುವೆಯಾಗಿ ಮಕ್ಕಳನ್ನೂ ಪಡೆದಳು. ಸಕ್ಕರೆಯ ವಿಷಯಕ್ಕೆ ಇದು ಸಂಬಂಧವಿಲ್ಲ, ಆದರೆ ವಿಲ್ಲಿಸ್‌ನ ಕಥೆ ಹೇಳುವಾಗ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

1660ರಲ್ಲಿ ರಾಜಮನೆತನ ಮರಳಿ ಬಂತು. ವಿಲ್ಲಿಸ್ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದ. ಮೆದುಳನ್ನು ಬಿಡಿಸಿ ನೋಡುವ ಆತನ ದೊಡ್ಡ ಕೆಲಸ ಈ ಹೊತ್ತಿನದು. ಅಲ್ಲಿಯವರೆಗೆ ಹೆಚ್ಚಿನವರು ಮೆದುಳನ್ನು ತಲೆಬುರುಡೆಯೊಳಗೆ ಇದ್ದಂತೆಯೇ ಮೇಲಿನಿಂದ ಪದರ ಪದರವಾಗಿ ಕತ್ತರಿಸುತ್ತಿದ್ದರು. ವಿಲ್ಲಿಸ್ ಇಡೀ ಮೆದುಳನ್ನು ಹುಷಾರಾಗಿ ಹೊರತೆಗೆದು ಬೋರಲು ಮಾಡಿ ಅದರ ಬುಡವನ್ನು ನೋಡಿದ. ಶಿಷ್ಯ ರಿಚರ್ಡ್ ಲೋವರ್ ಕತ್ತರಿಸುವುದರಲ್ಲಿ ಪಳಗಿದ ಕೈ. ಚಿತ್ರ ಬರೆದುಕೊಟ್ಟವರಲ್ಲಿ ಒಬ್ಬ ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿಸಿದ ವಾಸ್ತುಶಿಲ್ಪಿ. ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ಅದು ಎಲ್ಲೆಲ್ಲಿ ಹರಿಯುತ್ತದೆಂದು ನೋಡಿದರು. 1664ರಲ್ಲಿ ಬಂದ ಮೆದುಳಿನ ಅಂಗರಚನೆಯ ಪುಸ್ತಕ ಇದರ ಫಲ. ಇವತ್ತು ನಾವು ನ್ಯೂರಾಲಜಿ ಎನ್ನುವ ಪದ ಹುಟ್ಟಿದ್ದೂ ವಿಲ್ಲಿಸ್‌ನಿಂದಲೇ.

ಮೂಗಿನ ಮಾತು ಬರುವುದು ಇಲ್ಲಿ. ಹಳೆಯ ಗ್ರೀಕ್ ವೈದ್ಯ ಗ್ಯಾಲೆನ್‌ನ ಕಾಲದಿಂದಲೂ ಮೆದುಳಿನಿಂದ ಹೊರಡುವ ನರಗಳ ಪಟ್ಟಿಯಲ್ಲಿ ವಾಸನೆಯ ನರ ಇರಲಿಲ್ಲ. ಅದು ಮೆದುಳೇ ಚಾಚಿಕೊಂಡಿರುವ ಭಾಗ, ವಾಸನೆ ಅದರ ಮೂಲಕ ನೇರ ಒಳಗೆ ಹೋಗುತ್ತದೆ, ಮೆದುಳಿನ ಕೊಳೆ ಅದೇ ದಾರಿಯಲ್ಲಿ ಸಿಂಬಳವಾಗಿ ಕೆಳಗಿಳಿಯುತ್ತದೆ ಎಂದು ನಂಬಿದ್ದರು. ನೆಗಡಿ ಎಂದರೆ ಮೆದುಳು ಸೋರುವುದು! ವಿಲ್ಲಿಸ್ ವಾಸನೆಯದನ್ನೂ ನರವೆಂದೇ ಲೆಕ್ಕ ಹಾಕಿ ಪಟ್ಟಿಯ ಮೊದಲಲ್ಲಿ ಇಟ್ಟ. ಅದರ ಎಳೆಗಳು ಮೂಗಿನ ಮೇಲ್ಭಾಗದಲ್ಲಿರುವ ಜರಡಿಯಂಥ ಮೂಳೆಯ ತೂತುಗಳಿಂದ ಕೆಳಗಿಳಿಯುವುದನ್ನು ವರ್ಣಿಸಿದ. ಮೆದುಳು ಸೋರಿ ನೆಗಡಿಯಾಗುವುದಿಲ್ಲ ಎಂದು ಜರ್ಮನಿಯ ಷ್ನೈಡರ್ ಆಗಲೇ ವಾದಿಸುತ್ತಿದ್ದ. 1670ರ ದಶಕದ ಆರಂಭದಲ್ಲಿ ಲೋವರ್ ಕೂಡ ಅದನ್ನೇ ಹೇಳಿದ. ಇವತ್ತಿಗೂ ಯಾವ ದೇಶದ ವೈದ್ಯಕೀಯ ವಿದ್ಯಾರ್ಥಿಯೇ ಆಗಲಿ, ತಲೆಯ ನರಗಳನ್ನು ಎಣಿಸಲು ಶುರು ಮಾಡುವುದು ವಾಸನೆಯ ನರದಿಂದಲೇ.

ಆ ಜರಡಿ ಮೂಳೆಯನ್ನು ನೀವು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಮೆದುಳು ಒಳಗೇ ಜಗ್ಗಿದಂತಾಗಿ ಆ ತೂತುಗಳಲ್ಲಿರುವ ಎಳೆಗಳು ಕತ್ತರಿಸಿ ಹೋಗಬಹುದು. ಹೊರಗೆ ಗಾಯ ಮಾಯ್ದರೂ ಕೆಲವರಿಗೆ ವಾಸನೆ ಮರಳುವುದಿಲ್ಲ.

1667ರಲ್ಲಿ ವಿಲ್ಲಿಸ್ ಲಂಡನ್ನಿಗೆ ಹೋದ. ಪ್ಲೇಗು ಮತ್ತು ಬೆಂಕಿ ಎರಡನ್ನೂ ಆಗಷ್ಟೇ ಕಂಡಿದ್ದ ಊರು. ಸಂತೆಯಲ್ಲಿ ಮೂತ್ರ ನೋಡುತ್ತಿದ್ದವನು ಕೆಲವೇ ವರ್ಷಗಳಲ್ಲಿ ದೇಶದಲ್ಲೇ ಅತಿ ಹೆಚ್ಚು ಸಂಪಾದಿಸುವ ವೈದ್ಯರಲ್ಲಿ ಒಬ್ಬನಾದ. ಈಗ ರೋಗಿಗಳೆಂದರೆ ಸಿರಿವಂತರು, ದೊಡ್ಡ ಮನೆತನದವರು. ಅವರ ಮೇಜಿನ ಮೇಲೆ ಹೊಸದೊಂದು ವಸ್ತು ದಿನದಿನಕ್ಕೆ ಹೆಚ್ಚುತ್ತಿತ್ತು. ಅದು ಸಕ್ಕರೆ.

ಇಂಗ್ಲಿಷಿನ ಶುಗರ್ ಎಂಬ ಪದ ನಮ್ಮ ಶರ್ಕರದಿಂದ ಹೊರಟು, ಪರ್ಷಿಯನ್, ಅರಬ್ಬಿ ದಾಟಿ ಅಲ್ಲಿಗೆ ತಲುಪಿದ್ದು. ಆದರೆ 17ನೇ ಶತಮಾನದ ಲಂಡನ್ನಿಗೆ ಸಕ್ಕರೆ ಬರುತ್ತಿದ್ದುದು ಬಾರ್ಬಡೋಸಿನಂಥ ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆವರಿನಿಂದ. ಕಾಫಿ, ಟೀ, ಚಾಕೊಲೇಟ್ ಮೂರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿಗೆ ಕಾಲಿಟ್ಟಿದ್ದವು, ಮೂರೂ ಕಹಿ, ಮೂರಕ್ಕೂ ಸಕ್ಕರೆ ಬೇಕು. ಇಷ್ಟಾದರೂ 1700ರ ಹೊತ್ತಿಗೆ ಅಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 4 ಪೌಂಡ್ ಸಕ್ಕರೆ ಬಳಕೆಯಾಗುತ್ತಿತ್ತು ಎಂಬುದು ಇತಿಹಾಸಕಾರರ ಅಂದಾಜು. ಲೆಕ್ಕ ಹಾಕಿದರೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ. ಅದು ಸರಾಸರಿ ಮಾತ್ರ. ಬಡವರಿಗೆ ಏನೂ ಸಿಗುತ್ತಿರಲಿಲ್ಲ, ವಿಲ್ಲಿಸ್‌ನ ರೋಗಿಗಳ ಮನೆಯಲ್ಲಿ ಎಷ್ಟು ಖರ್ಚಾಗುತ್ತಿತ್ತೋ ಊಹಿಸಿಕೊಳ್ಳಿ.

1674ರಲ್ಲಿ ಪ್ರಕಟವಾದ ಔಷಧಿಗಳ ಕುರಿತ ಪುಸ್ತಕದಲ್ಲಿ ಆತ ಅತಿಮೂತ್ರದ ರೋಗದ ಬಗ್ಗೆ ಬರೆದ. ಅಂಥ ರೋಗಿಗಳ ಮೂತ್ರ ಜೇನು ಅಥವಾ ಸಕ್ಕರೆ ಬೆರೆಸಿದಷ್ಟು ಸಿಹಿಯಾಗಿರುತ್ತದೆ, ಹಿಂದೆ ಅಪರೂಪವಾಗಿದ್ದ ರೋಗ ಈಗ ಎಲ್ಲೆಡೆ ಕಾಣುತ್ತಿದೆ, ಮೂಲ ಇರುವುದು ಮೂತ್ರಪಿಂಡದಲ್ಲಲ್ಲ, ರಕ್ತದಲ್ಲಿ ಎಂಬ ಮಾತುಗಳು ಅದರಲ್ಲಿವೆ. ಕೊನೆಯದಂತೂ ಆ ಕಾಲಕ್ಕೆ ದೊಡ್ಡ ಮಾತು. ಯುರೋಪಿಗೆ ಸಿಹಿಯ ವಿಷಯ ಹೊಸದು, ನಮಗಲ್ಲ. ಅದಕ್ಕೆ ಎಷ್ಟೋ ಶತಮಾನ ಮೊದಲೇ ಚರಕ, ಸುಶ್ರುತರ ಸಂಹಿತೆಗಳಲ್ಲಿ ಜೇನಿನಂಥ ಮೂತ್ರದ ರೋಗವೆಂದು ಮಧುಮೇಹದ ವರ್ಣನೆ ಇದೆ. ಹಾಗೆಂದು ವಿಲ್ಲಿಸ್ ನಮ್ಮಿಂದ ಕದ್ದ ಎಂಬ ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ನಾಲಿಗೆ ಇಬ್ಬರಿಗೂ ಇತ್ತು.

ಒಂದು ತಪ್ಪನ್ನು ಇಲ್ಲೇ ಸರಿಪಡಿಸಿಬಿಡೋಣ. ಡಯಾಬಿಟಿಸ್ ಮೆಲಿಟಸ್ ಎಂಬ ಹೆಸರಿನ ಎರಡನೇ ಪದವನ್ನು ವಿಲ್ಲಿಸ್ ಕೊಟ್ಟ ಎಂದು ಎಷ್ಟೋ ಕಡೆ ಓದುತ್ತೇವೆ. ಅದು ರೂಢಿಗೆ ಬಂದದ್ದು ಮುಂದಿನ ಶತಮಾನದ ವೈದ್ಯರಿಂದ. ಅಷ್ಟೇ ಅಲ್ಲ, ಆ ಸಿಹಿ ನಿಜವಾದ ಸಕ್ಕರೆಯೇ ಎಂದು ವಿಲ್ಲಿಸ್ ಭಾವಿಸಿರಲೂ ಇಲ್ಲ. ರಕ್ತದಲ್ಲಿನ ಉಪ್ಪು, ಗಂಧಕದಂಥ ಅಂಶಗಳು ಕೂಡಿ ಹಾಗೆ ರುಚಿಸುತ್ತವೆ ಎಂದುಕೊಂಡಿದ್ದ. ಆ ಮೂತ್ರವನ್ನು ಆರಿಸಿ ಒಳಗಿರುವುದು ಸಕ್ಕರೆಯೇ ಎಂದು ತೋರಿಸಿದವನು ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್, 1776ರಲ್ಲಿ. ಅಂದರೆ ನೂರು ವರ್ಷದ ಮೇಲೆ.

ಹಾಗಾದರೆ ಸಕ್ಕರೆಯ ಮೇಲೆ ವಿಲ್ಲಿಸ್ ಹೊರಿಸಿದ ದೂರು ಯಾವುದು? ಮಧುಮೇಹದ್ದಲ್ಲ! ವಸಡು ಕೊಳೆತು ಹಲ್ಲು ಉದುರುವ ಸ್ಕರ್ವಿ ರೋಗ ಇಂಗ್ಲೆಂಡಿನಲ್ಲಿ ಹರಡಲು ಸಕ್ಕರೆಯ ಅತಿಬಳಕೆ ಕಾರಣ ಎಂದ. ಅದು ತಪ್ಪು. ಸ್ಕರ್ವಿ ಬರುವುದು ಸಿ ವಿಟಮಿನ್ ಇಲ್ಲದೆ. ಮಧುಮೇಹಕ್ಕೆ ಆತ ಕೊಟ್ಟ ಕಾರಣಗಳಲ್ಲಿ ಅತಿಯಾದ ಮದ್ಯಪಾನ, ಬಹುಕಾಲದ ದುಃಖ ಸೇರಿದ್ದವು. ಕಣ್ಣೆದುರು ಸಿಹಿ ಮೂತ್ರ ಇತ್ತು, ಪಕ್ಕದ ಮೇಜಿನಲ್ಲಿ ಸಕ್ಕರೆ ಇತ್ತು, ದೂರು ಮಾತ್ರ ಬೇರೆ ರೋಗದ ಹೆಸರಲ್ಲಿ ದಾಖಲಾಯಿತು.

ವಿಲ್ಲಿಸ್ 1675ರ ನವೆಂಬರ್ 11ರಂದು 54ನೇ ವಯಸ್ಸಿಗೆ ತೀರಿಕೊಂಡ. ವೆಸ್ಟ್‌ಮಿನ್ಸ್‌ಟರ್ ಅಬೆಯಲ್ಲಿ ಸಮಾಧಿಯಾಯಿತು. ಆತ ಹೋಗಿ 40 ವರ್ಷವಾದ ಮೇಲೂ ಸಕ್ಕರೆಯವರಿಗೆ ಆತನ ಮೇಲಿನ ಸಿಟ್ಟು ಇಳಿದಿರಲಿಲ್ಲ. 1715ರಲ್ಲಿ ಫ್ರೆಡರಿಕ್ ಸ್ಲೇರ್ ಎಂಬ ವೈದ್ಯ ವಿಲ್ಲಿಸ್‌ನ ಆರೋಪದಿಂದ ಸಕ್ಕರೆಯನ್ನು ಬಿಡಿಸಲೆಂದೇ ಒಂದು ಪುಸ್ತಕ ಬರೆದು ಹೆಂಗಸರಿಗೆ ಅರ್ಪಿಸಿದ. ಸಕ್ಕರೆಯಿಂದ ಹಲ್ಲುಜ್ಜಿ ಎಂಬ ಸಲಹೆಯೂ ಅದರಲ್ಲಿದೆ. ಅವನ ದೊಡ್ಡ ಸಾಕ್ಷಿ ಯಾರು ಗೊತ್ತೇ? ಸ್ವಂತ ಅಜ್ಜ. ಊಟಕ್ಕೆಲ್ಲ ಸಕ್ಕರೆ ಸುರಿದುಕೊಳ್ಳುತ್ತಿದ್ದ ಆ ಅಜ್ಜ ನೂರು ವರ್ಷ ಬದುಕಿದ್ದನಂತೆ, ಮುದಿಪ್ರಾಯದಲ್ಲಿ ಹೊಸ ಹಲ್ಲು ಬಂದು ಕೂದಲೂ ಕಪ್ಪಾಗಿತ್ತಂತೆ. ನಮ್ಮಜ್ಜ ದಿನಾ ಬೀಡಿ ಸೇದಿಯೂ ತೊಂಬತ್ತು ದಾಟಿದ ಎನ್ನುವ ವಾದವನ್ನು ನಾವೂ ಕೇಳಿದ್ದೇವಲ್ಲ! ಸಂವಹನ ಓದಿದವಳಾಗಿ ನನಗೆ ಈ ಪುಸ್ತಕ 18ನೇ ಶತಮಾನದ ಪಕ್ಕಾ ಫಾರ್ವರ್ಡ್‌ನಂತೆ ಕಾಣುತ್ತದೆ. ಒಬ್ಬ ಅಜ್ಜನ ಕಥೆ ಒಬ್ಬ ಅಜ್ಜನದಷ್ಟೇ.

ಈಗ ಚಿಕ್ಕಮ್ಮನ ಸಂದೇಶಕ್ಕೆ ಬರೋಣ. ವಿಲ್ಲಿಸ್ ಗುರುತಿಸಿದ ಆ ಎಳೆಗಳ ತುದಿಯಲ್ಲಿರುವ ಕೋಶಗಳು ಹೊರಗಾಳಿಗೆ ನೇರ ಮೈಯೊಡ್ಡುವ ನರಕೋಶಗಳು. ಬೇಗ ಸವೆಯುತ್ತವೆ, ಹೊಸವು ಹುಟ್ಟುತ್ತಲೇ ಇರುತ್ತವೆ. ಅವು ಸುದ್ದಿ ಮುಟ್ಟಿಸುವ ಗಡ್ಡೆಯಂಥ ಭಾಗದಲ್ಲಿ ಇನ್ಸುಲಿನ್ ಹಿಡಿಯುವ ಕೊಂಡಿಗಳು ಮೆದುಳಿನ ಬೇರೆ ಭಾಗಗಳಿಗಿಂತ ಹೆಚ್ಚು. ಹಸಿದಾಗ ಪಕ್ಕದ ಮನೆಯ ಒಗ್ಗರಣೆ ಘಮ್ಮೆನ್ನುವುದಕ್ಕೂ, ಹೊಟ್ಟೆ ತುಂಬಿದ ಮೇಲೆ ಅದೇ ವಾಸನೆ ಸಪ್ಪೆಯಾಗುವುದಕ್ಕೂ ಇನ್ಸುಲಿನ್‌ನಂಥ ಹಾರ್ಮೋನುಗಳ ಕೈವಾಡ ಇದೆ. ಹೀಗಾಗಿ ಇನ್ಸುಲಿನ್ ವ್ಯವಸ್ಥೆ ಹದಗೆಟ್ಟರೆ ಮೂಗಿಗೂ ತಟ್ಟಬಹುದು ಎಂದು ವಿಜ್ಞಾನಿಗಳಿಗೆ ಅನ್ನಿಸಿದ್ದು ಸಹಜ.

2016ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಿಗೆ ಫ್ರಕ್ಟೋಸ್ ತುಂಬಿದ ಆಹಾರ ಕೊಟ್ಟು ನೋಡಿದರು. ನಾವು ತಿನ್ನುವ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಇಲಿಗಳಲ್ಲಿ ಮಧುಮೇಹದ ಮೊದಲ ಲಕ್ಷಣಗಳು ಕಾಣಿಸಿಕೊಂಡವು, ನಾಲ್ಕೇ ವಾರದಲ್ಲಿ ವಾಸನೆ ಹಿಡಿಯುವ ಸಾಮರ್ಥ್ಯ ಬಹಳ ಕುಗ್ಗಿತು. ಮೂಗಿನ ಕೋಶಗಳ ವಿದ್ಯುತ್ ಸ್ಪಂದನವೂ ಮಂದವಾಗಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಮನುಷ್ಯರದು, ಆಸ್ಟ್ರೇಲಿಯಾದ 87 ಜನರದು. ಜಿಡ್ಡು ಮತ್ತು ಸಕ್ಕರೆ ಹೆಚ್ಚು ತಿನ್ನುವವರು ವಾಸನೆ ಯಾವುದೆಂದು ಗುರುತಿಸಿ ಹೇಳುವುದರಲ್ಲಿ ಹಿಂದೆ ಬಿದ್ದರು. ಆದರೆ ತೀರಾ ತೆಳು ವಾಸನೆಯನ್ನು ಗ್ರಹಿಸುವುದರಲ್ಲಿ, ಎರಡು ವಾಸನೆಗಳ ವ್ಯತ್ಯಾಸ ಹೇಳುವುದರಲ್ಲಿ ಎರಡೂ ಗುಂಪು ಸಮ ಸಮ. ಟೈಪ್ 2 ಮಧುಮೇಹಿಗಳಲ್ಲಿ ಸರಾಸರಿಯಾಗಿ ವಾಸನಾ ಶಕ್ತಿ ತುಸು ಕಡಿಮೆ ಎಂದು ಬೇರೆ ಹಲವು ಅಧ್ಯಯನಗಳು ಹೇಳಿವೆ.

ಇಲಿಗೆ ಕೊಟ್ಟಷ್ಟು ಫ್ರಕ್ಟೋಸನ್ನು ಯಾರೂ ಊಟದಲ್ಲಿ ತಿನ್ನುವುದಿಲ್ಲ. ಆ 87 ಜನರಲ್ಲಿ ಜಿಡ್ಡಿನ ಪಾಲೆಷ್ಟು, ಸಕ್ಕರೆಯ ಪಾಲೆಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ. ಯಾವುದು ಮೊದಲು ಎಂಬುದೂ ಇದೆ. ಮೂಗು ಮಂದವಾದರೆ ಊಟ ಸಪ್ಪೆ ಎನಿಸುತ್ತದೆ, ಆಗ ಕೈ ಸಕ್ಕರೆ ಡಬ್ಬಿಗೆ ಹೋಗುತ್ತದೆ. ಪಾಯಸಕ್ಕೆ ಏಲಕ್ಕಿ ಬಿದ್ದರೆ ಅಷ್ಟೇ ಸಕ್ಕರೆಗೆ ಇನ್ನಷ್ಟು ಸಿಹಿ ಎನಿಸುವುದು ನಿಮಗೂ ಗೊತ್ತು, ಸಿಹಿಯ ಅನುಭವದಲ್ಲಿ ಮೂಗಿನ ಪಾಲು ಅಷ್ಟಿದೆ. ಸಕ್ಕರೆಯಿಂದ ಮೂಗು ಕೆಟ್ಟಿತೋ, ಮೂಗು ಕೆಟ್ಟು ಸಕ್ಕರೆ ಹೆಚ್ಚಿತೋ, ಎರಡೂ ಒಂದನ್ನೊಂದು ತಳ್ಳುತ್ತಿವೆಯೋ?

ಕಾಫಿಪುಡಿ ಡಬ್ಬಿಯ ಪರೀಕ್ಷೆ ಮಾತ್ರ ಖಂಡಿತ ಸುಳ್ಳು. ವಾಸನೆ ಹೋಗಲು ನೆಗಡಿ, ಸೈನಸ್, ಕೋವಿಡ್, ಮೂಗಿನೊಳಗಿನ ದುರ್ಮಾಂಸ, ತಲೆಗೆ ಪೆಟ್ಟು, ವಯಸ್ಸು ಹೀಗೆ ಹತ್ತಾರು ಕಾರಣ ಇವೆ. ಪಾರ್ಕಿನ್ಸನ್ಸ್ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ನೆಗಡಿ ವಾಸಿಯಾದ ಮೇಲೂ ವಾರಗಟ್ಟಲೆ ವಾಸನೆ ಬಾರದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಶುಗರ್ ಇದೆಯೇ ಎಂಬ ಅನುಮಾನಕ್ಕೆ ರಕ್ತಪರೀಕ್ಷೆಯೇ ಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚು ಬಂದರೆ ಮಧುಮೇಹದ ಲೆಕ್ಕ. ಇದನ್ನೂ ಸಾಮಾನ್ಯವಾಗಿ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ.

ಬಚ್ಚಲಲ್ಲಿ ಇರುವೆ ಮುತ್ತುತ್ತವೆಯೇ ಎಂದು ನೋಡುವ ಪರೀಕ್ಷೆಯೂ ಓಡಾಡುತ್ತಿದೆ, ಅದು ವಿಲ್ಲಿಸ್‌ನ ನಾಲಿಗೆಯ ಪರೀಕ್ಷೆಯ ತಮ್ಮ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಪಿಂಡ ಅದನ್ನು ಸೋರಿಹೋಗಲು ಬಿಡುವುದಿಲ್ಲ. ಇರುವೆ ಬರುವ ಹೊತ್ತಿಗೆ ಕಾಯಿಲೆ ಎಷ್ಟೋ ದೂರ ನಡೆದಿರುತ್ತದೆ. ಈಗ ಇನ್ನೊಂದು ಗೊಂದಲ ಬೇರೆ: ಮಧುಮೇಹದ ಕೆಲವು ಹೊಸ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರದೂಡಿ. ಅವರ ಮನೆಯಲ್ಲಿ ಶುಗರ್ ಹತೋಟಿಯಲ್ಲಿದ್ದರೂ ಇರುವೆ ಬರಬಹುದು. ಮೂಗನ್ನು ನಿಜಕ್ಕೂ ನಂಬಬೇಕಾದ ಸಂದರ್ಭ ಒಂದಿದೆ. ಮಧುಮೇಹಿಯ ಉಸಿರಿಗೆ ಕೊಳೆಯುತ್ತಿರುವ ಹಣ್ಣಿನಂಥ, ಉಗುರಿನ ಬಣ್ಣ ತೆಗೆಯುವ ದ್ರವದಂಥ ವಾಸನೆ ಬರುತ್ತಿದ್ದು, ಜೊತೆಗೆ ವಾಂತಿ, ಸುಸ್ತು, ಮೇಲುಸಿರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟನ್ನೂ ಚಿಕ್ಕ ಚಿಕ್ಕ ವಾಯ್ಸ್ ಮೆಸೇಜ್ ಮಾಡಿ ಗ್ರೂಪಿಗೆ ಹಾಕಿದೆ. ದಿನಕ್ಕೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನೂ ಹೇಳಿದೆ. ಮಾವನ ನೆಗಡಿ ಇಳಿದು ಕಾಫಿಯ ಘಮವೂ ಮರಳಿತು. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, ಹಾಗಾದರೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳುತ್ತೇನೆ, ಅದಕ್ಕೆ ಲೆಕ್ಕ ಇಲ್ಲವಲ್ಲ ಎಂದು ಬರೆದರು. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ ಎಂದು ಮತ್ತೆ ಟೈಪ್ ಮಾಡುತ್ತಿದ್ದೇನೆ.